ಟಾಯರು ಕಚ್ಚಿ ನೋಡುತ್ತಿದ್ದವರು

ಹೊಸ ಟಾಯರನ್ನು ಕೊಳ್ಳುವ ಮೊದಲು ಹಲ್ಲಿನಿಂದ ಕಚ್ಚಿ ನೋಡುವ ಗಿರಾಕಿಯನ್ನು ನೀವು ಕಂಡಿರಲಾರಿರಿ. ನಾನು ಕಂಡಿದ್ದೇನೆ. ಅದೂ ರೋಣದ ನನ್ನ ಸೈಕಲ್ ಅಂಗಡಿಯಲ್ಲಿ, ಆಗಷ್ಟೇ ಹುಬ್ಬಳ್ಳಿಯಿಂದ ಬಂದು ಸುತ್ತಿದ ಕಾಗದ ಕೂಡ ಪೂರ್ತಿ ಬಿಚ್ಚದಿದ್ದ ಟಾಯರಿಗೆ. ನನಗೋ ಮೊದಲೇ ಸಿಟ್ಟು ಮೂಗಿನ ತುದಿಯಲ್ಲಿ. "ಯಾಕ್ರಿ ಸಾಹೇಬ್ರ, ಇದೇನು ಮೂಲಂಗಿ ಅಂದ್ಕೊಂಡೀರೇನು? ಉಪ್ಪು ಖಾರ ತಂದ್ಕೊಡ್ಲೇನು?" ಎಂದೆ. ಅವರು ಕಚ್ಚಿದ್ದನ್ನು ಬಿಡದೆ ಒಂದು ಗಳಿಗೆ ಹಾಗೆಯೇ ಇದ್ದರು. ಆಮೇಲೆ ಬಾಯಿ ಒರೆಸಿಕೊಂಡು, "ಮೂಲಂಗಿ ಆಗಿದ್ರ ಚಲೋ ಇತ್ತೋ ತಮ್ಮಾ. ರಬ್ಬರಿನಾಗ ಸುಣ್ಣ ಬೆರಸ್ಯಾರ. ಬ್ಯಾರೇದು ತೋರಿಸು" ಎಂದರು.

ಮೊನ್ನೆ ಅಬ್ಬಿಗೇರಿಯಿಂದ ಬಂದ ರೈತನೊಬ್ಬ ಅಂಗಡಿಯ ಕಟ್ಟೆಯ ಮೇಲೆ ಕೂತು ಬೀಡಿ ಹಚ್ಚುತ್ತ, "ದೇವಿ ಸಾಹೇಬ್ರು ಹೋದ್ರಂತ್ರಿ" ಎಂದಾಗ ನನಗೆ ಮೊದಲು ನೆನಪಾದದ್ದು ಆ ಹಲ್ಲು. ನಟ್ಟು ತಿರುಗಿಸುತ್ತಿದ್ದ ಪಾನಾ ಕೆಳಗಿಟ್ಟೆ. ಆ ಹೊತ್ತು ಮತ್ತೆ ಕೆಲಸಕ್ಕೆ ಕೈ ಹಚ್ಚಲು ಮನಸ್ಸಾಗಲಿಲ್ಲ.

ದೇವಿ ಸಾಹೇಬರು ಎಂದರೆ ಹೊಸಬರಿಗೆ ತಿಳಿಯದು. ಐವತ್ತರ ದಶಕದಲ್ಲಿ ರೋಣ, ನರಗುಂದ, ಗಜೇಂದ್ರಗಡ ಈ ಮೂರು ಊರುಗಳ ಸುತ್ತಿನ ಹಳ್ಳಿಗಳಿಗೆ ಸಿಡುಬಿನ ಲಸಿಕೆ ಹಾಕುವ ಸರ್ಕಾರಿ ನೌಕರಿ ಅವರದು. ನಮ್ಮ ಕಡೆ ಸಿಡುಬು ಬಂತು ಎನ್ನುವುದಿಲ್ಲ, ತಾಯಿ ಬಂದಾಳ ಎನ್ನುತ್ತೇವೆ. ಲಸಿಕೆ ಹಾಕಿದರು ಎನ್ನುವುದಿಲ್ಲ, ದೇವಿ ಹಾಕಿದ್ರು ಎನ್ನುತ್ತೇವೆ. ಹಾಗಾಗಿ ಅವರು ದೇವಿ ಸಾಹೇಬರಾದರು. ಅಪ್ಪ ಅವ್ವ ಇಟ್ಟ ಹೆಸರನ್ನು ಅವರ ಪಗಾರದ ದಿನ ಬಿಟ್ಟರೆ ಯಾರೂ ಕರೆದದ್ದು ನಾನು ಕೇಳಿಲ್ಲ. ನಾನೂ ಇಲ್ಲಿ ಬರೆಯುವುದಿಲ್ಲ.

ಅವರ ಸೈಕಲ್ಲನ್ನು ದೂರದಿಂದ ನೋಡಿದರೆ ಒಂದು ಸಂಸಾರವೇ ಊರು ಬಿಟ್ಟು ಹೊರಟಂತೆ ಕಾಣುತ್ತಿತ್ತು. ಹಿಂದಿನ ಕ್ಯಾರಿಯರಿನ ಮೇಲೆ ತಗಡು ಹೊಡೆದ ಕಟ್ಟಿಗೆಯ ಪೆಟ್ಟಿಗೆ. ಅದರೊಳಗೆ ಕಟ್ಟಿಗೆಯ ಹೊಟ್ಟು, ಹೊಟ್ಟಿನ ನಡುವೆ ಬರ್ಫು, ಬರ್ಫಿನ ನಡುವೆ ಲಸಿಕೆಯ ಸಣ್ಣ ಗಾಜಿನ ನಳಿಗೆಗಳು. ಒಂದು ಮಗ್ಗುಲಿಗೆ ಹಾಸಿಗೆಯ ಸುರುಳಿ, ಇನ್ನೊಂದು ಮಗ್ಗುಲಿಗೆ ಸ್ಪಿರಿಟ್ ದೀಪ, ಸೂಜಿ, ರೊಟ್ಟಿಯ ಗಂಟು, ನೀರಿನ ತಂಬಿಗೆ. ಆಗಿನ ಲಸಿಕೆ ಬರ್ಫಿನಲ್ಲಿ ಇದ್ದರಷ್ಟೇ ಬದುಕುತ್ತಿತ್ತು. ಬರ್ಫು ಕರಗಿತೋ, ಆಮೇಲೆ ಹಾಕಿದ್ದು ಬರೀ ನೀರು. ಬರ್ಫು ಗದಗಿನಿಂದ ಬಸ್ಸಿನಲ್ಲಿ ಬರಬೇಕು. ರೋಣದಲ್ಲಿ ಇಳಿಸಿಕೊಂಡು ಅವರು ಬಿಸಿಲಿನ ಜೊತೆ ಜಿದ್ದು ಕಟ್ಟಿ ತುಳಿಯಬೇಕು. ಎರೆಹೊಲದ ನಡುವೆ ಒಂದು ಪಂಕ್ಚರ್ ಆದರೆ, ಹೇರು ಇಳಿಸಿ, ಟ್ಯೂಬು ಬಿಚ್ಚಿ, ತೇಪೆ ಹಚ್ಚುವಷ್ಟರಲ್ಲಿ ಪೆಟ್ಟಿಗೆಯ ತೂತಿನಿಂದ ನೀರು ತೊಟ್ಟಿಕ್ಕಲು ಶುರು. ಬೇರೆಯವರಿಗೆ ಪಂಕ್ಚರ್ ಎಂದರೆ ಬೇಸರ. ಅವರಿಗೆ ಅದು ಯಾವುದೋ ಮನೆಯ ಕೂಸಿನ ಜೀವ.

ಇನ್ನೊಂದು ತೊಡಕಿತ್ತು, ಹೇಳಿದರೆ ನಗುತ್ತೀರಿ. ಅಷ್ಟು ಹೇರಿದ ಸೈಕಲ್ಲನ್ನು ನೆಲದಿಂದ ಏರಲು ಅವರಿಗೆ ಬರುತ್ತಿರಲಿಲ್ಲ. ಗಿಡ್ಡ ಆಳು. ಗುಡಿಯ ಕಟ್ಟೆಯೋ ಬಾವಿಯ ಕಟ್ಟೆಯೋ ಬೇಕೇ ಬೇಕು. ಇಳಿಯಲೂ ಅಷ್ಟೇ. ಕಟ್ಟೆ ಸಿಗದಿದ್ದರೆ ಸಿಗುವವರೆಗೆ ತುಳಿಯುತ್ತಲೇ ಇರುತ್ತಿದ್ದರು. ಒಮ್ಮೆ ಅಬ್ಬಿಗೇರಿಯ ಗೌಡರು ಎದುರಿಗೆ ಬಂದು ಕೈ ಎತ್ತಿ, "ನಿಂದರ್ರಿ ಸಾಹೇಬ್ರ, ಒಂದು ಮಾತೈತಿ" ಎಂದರೆ, "ಕಟ್ಟಿ ತನಕ ಓಡ್ಕೋತ ಬರ್ರಿ ಗೌಡ್ರ, ಮಾತಾಡ್ಕೋತ ಹೋಗೂಣು" ಎಂದು ಹೋಗಿಯೇಬಿಟ್ಟರಂತೆ. ರೋಣದಿಂದ ನರಗುಂದಕ್ಕೆ ಎಷ್ಟು ಮೈಲಿ ಎಂದು ಕೇಳಿದರೆ, "ಮೈಲಿ ಗೊತ್ತಿಲ್ಲೋ, ನಡುವ ಕಟ್ಟಿ ಭಾಳ ಕಡಿಮಿ" ಎನ್ನುತ್ತಿದ್ದರು.

ಇಂಥವರಿಗೆ ಟಾಯರು ಮಾರುವುದೆಂದರೆ ಹೆಣ್ಣು ತೋರಿಸಿದ ಹಾಗೆ. ಮೊದಲು ಟಾಯರನ್ನು ಹೆಬ್ಬೆರಳಿನ ಉಗುರಿನಿಂದ ಒತ್ತುವರು. ಮೂಸುವರು. ಮಡಚಿ ಕಿವಿಯ ಹತ್ತಿರ ಹಿಡಿದು, ಒಳಗಿನ ದಾರ ಮುರಿಯುವ ಸಪ್ಪಳ ಬರುತ್ತದೆಯೋ ಎಂದು ಕೇಳುವರು. ಆಮೇಲೆ ಕಚ್ಚುವರು. ಕೊನೆಗೆ ಕಿಸೆಯಿಂದ ತಪಕೀರಿನ, ಎಂದರೆ ನಶ್ಯದ, ಡಬ್ಬಿ ತೆಗೆಯುವರು. ಅದರೊಳಗೆ ತಪಕೀರು ಇರುತ್ತಿರಲಿಲ್ಲ, ಮುಳ್ಳುಗಳಿರುತ್ತಿದ್ದವು. ಒಂದು ಚಿಟಿಕೆ ಸಿಗುತ್ತದೆಂದು ಆಸೆಯಿಂದ ಬೆರಳು ಹಾಕಿದ ಎಷ್ಟೋ ಜನ ಕೈ ಜಾಡಿಸಿಕೊಂಡದ್ದನ್ನು ನಾನೇ ನೋಡಿದ್ದೇನೆ. ಅಬ್ಬಿಗೇರಿಯ ದಾರಿಯ ಜಾಲಿಮುಳ್ಳು, ಗಜೇಂದ್ರಗಡದ ಗುಡ್ಡದ ಬಾರಿಮುಳ್ಳು, ಕೊಣ್ಣೂರಿನ ಹೊಳೆದಂಡೆಯ ನೆಗ್ಗಿಲಮುಳ್ಳು. ಒಂದೊಂದನ್ನೂ ಟಾಯರಿಗೆ ಒತ್ತಿ ನೋಡುವರು, ಮೈಯಲ್ಲಿ ಪ್ರಾಣವಿಲ್ಲದವರ ಹಾಗೆ ಉಸಿರು ಹಿಡಿದು.

"ಜಾಲಿಮುಳ್ಳು ಮರ್ಯಾದಸ್ಥ ಇರ್ತೈತಿ, ತಮ್ಮಾ," ಎನ್ನುವರು. "ಉದ್ದಕ್ಕ, ಬೆಳ್ಳಗ, ಎದುರಿಗೇ ಬರ್ತೈತಿ. ತಪ್ಪಿಸ್ಕೋಬಹುದು. ಈ ನೆಗ್ಗಿಲ ಐತಲ್ಲ, ಇದು ಚಾಡಿಕೋರ. ಕಣ್ಣಿಗೆ ಬೀಳೂದಿಲ್ಲ. ಮುಂದಿನ ಗಾಲಿ ಇದನ್ನ ಎಬ್ಬಿಸಿ ನಿಂದರಸ್ತೈತಿ, ಹಿಂದಿನ ಗಾಲಿ ಬಂದು ತುಳೀತೈತಿ. ಮನಿ ಹಿರಿಯಾ ಮಾಡಿದ್ದನ್ನ ಕಿರಿಯಾ ಉಣ್ಣೂದು ಹಿಂಗ."

ಹಾಗೆಂದು ದಪ್ಪ ಟಾಯರು ಕೊಟ್ಟರೆ ಒಪ್ಪುತ್ತಿದ್ದರೇ? ಇಲ್ಲ. ದಪ್ಪ ಟಾಯರು ಮುಳ್ಳು ತಡೆಯುತ್ತದೆ ನಿಜ, ಆದರೆ ಹೇರು ಹೊತ್ತಾಗ ನೆಲವನ್ನು ಹಿಡಿದುಕೊಂಡು ಕೂಡುತ್ತದೆ, ಕಾಲು ಸೋಲುತ್ತವೆ, ಹೊತ್ತು ಹೋಗುತ್ತದೆ. ತೆಳ್ಳಗಿನದು ಹಾರಿಕೊಂಡು ಹೋಗುತ್ತದೆ, ಮೊದಲ ಮುಳ್ಳಿಗೇ ಗಾಳಿ ಬಿಟ್ಟು ಕೂಡುತ್ತದೆ. "ಗಾಳಿ ಉಳಿಸಿದ್ರ ಬರ್ಫ ಹೋಗ್ತೈತಿ, ಬರ್ಫ ಉಳಿಸಿದ್ರ ಗಾಳಿ ಹೋಗ್ತೈತಿ. ನನ್ನ ಹಣೇಬಾರ ಎಲ್ಲಾ ಇವೆರಡರ ನಡುವ ಐತಿ ನೋಡು" ಎಂದು ಅವರು ನಕ್ಕದ್ದುಂಟು. ನೆಲ ತುಳಿಯುವ ನಡುಭಾಗ ಗಟ್ಟಿ ಇರಬೇಕು, ಮಗ್ಗುಲು ಮೆತ್ತಗಿರಬೇಕು. ಅಂಥದ್ದನ್ನು ಆರಿಸಲು ನನ್ನ ಅಂಗಡಿಯ ಎಲ್ಲ ಟಾಯರುಗಳನ್ನು ನೆಲಕ್ಕೆ ಹರವಿಸುತ್ತಿದ್ದರು. ಹೋದಮೇಲೆ ಅವನ್ನೆಲ್ಲ ಮತ್ತೆ ಮೊಳೆಗೆ ಹಾಕುವಾಗ ನನ್ನ ಬಾಯಿಂದ ಬಂದ ಮಾತುಗಳನ್ನು ಬರೆಯುವಂತಿಲ್ಲ.

ಆರಿಸಿದ ಟಾಯರನ್ನಾದರೂ ಸೈಕಲ್ಲಿಗೆ ಹಾಕುತ್ತಿದ್ದರೇ? ಅದೂ ಇಲ್ಲ. ಅಬ್ಬಿಗೇರಿಯ ತಮ್ಮ ಮನೆಗೆ ಒಯ್ದು ಹಗೇವಿನಲ್ಲಿ ಇಳಿಬಿಡುತ್ತಿದ್ದರು. ಜೋಳ ತುಂಬಿಡುವ ನೆಲದಾಳದ ಕಣಜಕ್ಕೆ ನಾವು ಹಗೇವು ಎನ್ನುತ್ತೇವೆ. ಅಲ್ಲಿ ಬೆಳಕಿಲ್ಲ, ಸೆಕೆಯಿಲ್ಲ. "ಹೊಸಾ ರಬ್ಬರು ಹಸಿ ಇರ್ತೈತಿ. ಕತ್ತಲದಾಗ ಒಂದು ಮಳಿಗಾಲ ಮಲಗಿದ್ರ ಮೈ ಬಿಗೀತೈತಿ" ಎಂಬುದು ಅವರ ನಂಬಿಕೆ. ಒಂದು ವರ್ಷ ಹಗೇವು ತೆರೆದು ಜೋಳ ಬೀಸಿ ರೊಟ್ಟಿ ಬಡಿದರೆ, ಮನೆಮಂದಿಯೆಲ್ಲ ತುತ್ತು ಬಾಯಿಗಿಟ್ಟು ಒಬ್ಬರ ಮುಖ ಒಬ್ಬರು ನೋಡಿದರಂತೆ. ರೊಟ್ಟಿಯೆಲ್ಲ ಟಾಯರಿನ ವಾಸನೆ! ಅವರ ಮನೆಯವರು ಆ ಟಾಯರನ್ನು ಅಂಗಳಕ್ಕೆ ಎಸೆದು, "ಗಾಲಿಗೆ ಜೋಳಾ ಹಾಕ್ರಿ, ನಾವು ಟಾಯರ್ ಉಣ್ತೀವಿ. ಅದೊಂದು ಬಾಕಿ ಉಳದೈತಿ" ಎಂದರಂತೆ. ಇದನ್ನು ನನಗೆ ಹೇಳಿದವರು ಅವರೇ. ಹೇಳಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕು, ಆಮೇಲೆ ಗಂಭೀರವಾಗಿ, "ಆದ್ರ ಆ ಟಾಯರು ಒಮ್ಮೆನೂ ಪಂಕ್ಚರ್ ಆಗ್ಲಿಲ್ಲೋ" ಎಂದರು.

ಆ ಮಾತು ಖರೇ. ಅರಳೆ ಗಿರಣಿಯಲ್ಲಿ ಸವೆದು ಎಸೆದ ಕ್ಯಾನ್ವಾಸಿನ ಪಟ್ಟಾವನ್ನು ಸೀಳಿ, ಅಂಚು ಕೆತ್ತಿ, ಟಾಯರು ಮತ್ತು ಟ್ಯೂಬಿನ ನಡುವೆ ಹಾಸುತ್ತಿದ್ದರು. ಟಾಯರಿನ ಮೇಲೆ ಸವರುವಂತೆ ಮಡ್ಗಾರ್ಡಿಗೆ ಹಳೆಯ ಚಪ್ಪಲಿಯ ಬಾರೊಂದನ್ನು ಕಟ್ಟಿದ್ದರು. ಅಂಟಿಕೊಂಡ ಮುಳ್ಳು ಒಳಗೆ ಇಳಿಯುವ ಮೊದಲೇ ಆ ಬಾರು ಅದನ್ನು ಕಿತ್ತೆಸೆಯುತ್ತಿತ್ತು. ನಾನು ಅವರನ್ನು ಬಲ್ಲ ವರ್ಷಗಳಲ್ಲಿ ಅವರು ಪಂಕ್ಚರ್ ಹಾಕಿಸಲು ನನ್ನ ಅಂಗಡಿಗೆ ಬಂದದ್ದಿಲ್ಲ. ಸೈಕಲ್ ಅಂಗಡಿಯವನು ಇದನ್ನು ಹೊಟ್ಟೆಕಿಚ್ಚಿನಿಂದಲೇ ಹೇಳಬೇಕು. ಆದರೆ ಹೊಟ್ಟೆಕಿಚ್ಚಿಗಿಂತ ಬೆರಗೇ ಹೆಚ್ಚಾಗಿತ್ತು.

ಬರ್ಫು ಕರಗುತ್ತದೆ ಎನ್ನುವುದು ಅವರ ಮೈಯೊಳಗೇ ಇಳಿದಿತ್ತು. ಒಂದು ಮಳೆಗಾಲ ಕೊಣ್ಣೂರಿನಲ್ಲಿ ಮಲಪ್ರಭೆ ಸೇತುವೆಯ ಮೇಲೆ ಬಂದಳು. ಈಚೆ ದಂಡೆಯಲ್ಲಿ ಬಸ್ಸು, ಚಕ್ಕಡಿ, ಒಂದು ಮದುವೆಯ ದಿಬ್ಬಣ ಎಲ್ಲ ನಿಂತುಬಿಟ್ಟವು. ನಡುವೆ ಇವರೂ ಇವರ ಪೆಟ್ಟಿಗೆಯೂ. ಹೊಳೆ ಇಳಿಯುವುದನ್ನು ಕಾಯುತ್ತ ಎಲ್ಲರೂ ಎಲೆ ಅಡಿಕೆ ಹಾಕುತ್ತಿದ್ದರೆ, ಇವರು ಸ್ಪಿರಿಟ್ ದೀಪ ಹಚ್ಚಿ, "ಹೊಳಿ ನಾಳೆ ಇಳೀತೈತಿ, ಬರ್ಫ ನಾಳಿತನಕ ಕಾಯೂದಿಲ್ಲ. ತೋಳು ತಗೀರಿ" ಎಂದು ಅಲ್ಲಿದ್ದವರಿಗೆಲ್ಲ ದೇವಿ ಹಾಕಿದರು. ಬಾಸಿಂಗ ಕಟ್ಟಿದ ಮದುಮಗನನ್ನೂ ಬಿಡಲಿಲ್ಲ. ಅಂದು ಬಿಡಿಭಾಗ ತರಲು ಹೊರಟಿದ್ದ ನಾನೂ ಆ ಬಸ್ಸಿನಲ್ಲಿದ್ದೆ. ಎಡತೋಳಿನ ಮೇಲೆ ಆ ಗುರುತು ಇನ್ನೂ ಇದೆ.

ಆದರೆ ಅವರು ನನ್ನ ಮನಸ್ಸಿನಲ್ಲಿ ನಿಂತದ್ದು ಇದಾವುದರಿಂದಲೂ ಅಲ್ಲ. ಮುಶಿಗೇರಿಯ ಆಚೆ ಒಂದು ಸಣ್ಣ ಹಳ್ಳಿ, ನನ್ನ ತಂಗಿಯನ್ನು ಕೊಟ್ಟ ಊರು. ಒಂದು ಬೇಸಿಗೆ ಅದರ ಪಕ್ಕದ ಊರಿನಲ್ಲಿ ತಾಯಿ ಕಾಣಿಸಿಕೊಂಡಿದ್ದಳು. ಎಳೆಯ ಕೂಸುಗಳು ಹೋಗುತ್ತಿದ್ದವು. ಉಳಿದವುಗಳಲ್ಲಿ ಕೆಲವಕ್ಕೆ ಕಣ್ಣು ಹೋಗುತ್ತಿದ್ದವು. ನನ್ನ ತಂಗಿಯ ಮಗಳು ಆಗಿನ್ನೂ ಗೋಡೆ ಹಿಡಿದು ಹೆಜ್ಜೆ ಇಡುತ್ತಿತ್ತು. ಅದಕ್ಕೆ ದೇವಿ ಹಾಕಿಸಿರಲಿಲ್ಲ. ಆ ಊರಿನ ಒಂದು ಮಗುವಿಗೂ ಹಾಕಿಸಿರಲಿಲ್ಲ. ಸೂಜಿ ಚುಚ್ಚಿಸಿದರೆ ತಾಯಿ ಮುನಿಯುತ್ತಾಳೆ ಎಂಬ ಭಯ. ಸಾಹೇಬರು ಹೋದಾಗಲೆಲ್ಲ ಊರಿನಲ್ಲಿ ಮಕ್ಕಳೇ ಇಲ್ಲದ ಹಾಗೆ ಆಗುತ್ತಿತ್ತು. ಅರಳೆಯ ರಾಶಿಯಲ್ಲಿ, ಅಟ್ಟದಲ್ಲಿ, ಬೋರಲು ಹಾಕಿದ ಬುಟ್ಟಿಯ ಕೆಳಗೆ ಅಡಗಿಸಿಬಿಡುತ್ತಿದ್ದರು. ಒಮ್ಮೆ ಬುಟ್ಟಿಯೇ ಸೀನಿತು. ಅವರು ಬುಟ್ಟಿಗೆ ಕೈ ಹಚ್ಚುವಷ್ಟರಲ್ಲಿ ಅದರ ಮೇಲೆ ಅಜ್ಜಿಯೊಬ್ಬಳು ಬಂದು ಕೂತಳಂತೆ.

ಸಂತೆಯ ದಿನ ನನ್ನ ತಂಗಿಯ ಗಂಡ ಅಂಗಡಿಗೆ ಬಂದಿದ್ದ. ಸಾಹೇಬರು ಅಲ್ಲೇ ಕೂತು ವಾಲ್ವು ನೋಡುತ್ತಿದ್ದರು. "ಬರೂ ಮಂಗಳಾರ ನಮ್ಮೂರಾಗ ಹೊರಬೀಡ ಐತಿ ಮಾವಾ" ಎಂದ ಆತ. ರೋಗ ಊರೊಳಗೆ ಬಾರದಿರಲೆಂದು ಊರಿಗೆ ಊರೇ ಒಂದು ದಿನ ಮನೆ ಬಿಟ್ಟು ಹೊರಗೆ ಬೀಡು ಬಿಡುವ ಪದ್ಧತಿ ಅದು.

ಸಾಹೇಬರು ತಲೆ ಎತ್ತಿದರು. "ಎಲ್ಲಾರೂ ಹೊರಗ ಬರ್ತೀರೇನು?"

"ಹೌದ್ರಿ, ಕೂಸು ಕುನ್ನಿ ಸುದ್ದಾ."

"ಮನ್ಯಾಗ ಯಾರೂ ಉಳಿಯೂದಿಲ್ಲ?"

"ನಾಯಿ ಸುದ್ದಾ ಉಳಿಯೂದಿಲ್ರಿ."

"ಅಂದ್ರ ಬಯಲಾಗ ಕೂಸಿನ ಮ್ಯಾಲೆ ಬುಟ್ಟಿ ಹಾಕೂಹಂಗಿಲ್ಲ" ಎಂದರು. ಅವರ ಮುಖ ಅರಳಿತ್ತು.

ತಂಗಿಯ ಗಂಡ ಗಾಬರಿಯಾದ. "ಇಲ್ರಿ ಸಾಹೇಬ್ರ, ಬೀಡಿನ ಸುತ್ತ ಜಾಲಿಮುಳ್ಳು ಹಚ್ಚಿರ್ತಾರ. ಹೊರಗಿನವರು ಒಳಗ ಬರೂಹಂಗಿಲ್ಲ. ಮುಳ್ಳನ್ನ ಕೈಯಿಂದ ಸರಸೂಹಂಗಿಲ್ಲ. ಸಂಜೀಕೆ ಪೂಜಾರಿ ಆಯಿ ಎತ್ತಿದ ಮ್ಯಾಲೇ ದಾರಿ."

"ಸಂಜಿತನಕ ಬರ್ಫ ಉಳಿಯೂದಿಲ್ಲ," ಎಂದರು ಸಾಹೇಬರು. ವಾಲ್ವನ್ನು ಬದಿಗಿಟ್ಟು, "ಕೈಯಿಂದ ಸರಸಬಾರದು, ಸರಿ. ಗಾಲಿಯಿಂದ ದಾಟಬಾರದು ಅಂತ ಯಾರರೆ ಹೇಳ್ಯಾರೇನು?"

"ಈತನಕ ಯಾರೂ ದಾಟಿಲ್ರಿ. ಹೇಳೂ ಮಾತೆಲ್ಲಿ ಬಂತು?"

ಅಂದಿನಿಂದ ಮಂಗಳವಾರದ ತನಕ ನನ್ನ ಅಂಗಡಿ ನನ್ನದಾಗಿ ಉಳಿಯಲಿಲ್ಲ. ಹಗೇವಿನಲ್ಲಿ ಮಲಗಿದ್ದ ಟಾಯರುಗಳು ಬಂದವು. ನನ್ನ ಮೊಳೆಯ ಮೇಲಿನವು ಇಳಿದವು. ಅಂಗಳದಲ್ಲಿ ಜಾಲಿಯ ಟೊಂಗೆ ಹಾಸಿ, ಪೆಟ್ಟಿಗೆಯಲ್ಲಿ ಬರ್ಫಿನ ಬದಲು ಕಲ್ಲು ತುಂಬಿ, ಅದರ ಮೇಲೆ ಗಾಲಿ ಉರುಳಿಸಿ ನೋಡಿದರು. ಒಂದು ಟಾಯರು ಮುಳ್ಳು ತಡೆಯಿತು, ಆದರೆ ಅದನ್ನು ಹಾಕಿಕೊಂಡು ಊರ ಸುತ್ತ ಒಂದು ಸುತ್ತು ಹೋಗಿ ಬರುವಷ್ಟರಲ್ಲಿ ಅವರಿಗೆ ಏದುಸಿರು. ಇನ್ನೊಂದು ಹಗುರ, ಮೊದಲ ಟೊಂಗೆಗೇ ಉಸ್ಸೆಂದಿತು. ಕೊನೆಗೆ, ಮುಂದೆ ಹೇರಿನ ಭಾರ ಬೀಳುವುದಿಲ್ಲವೆಂದು ಮುಂದಕ್ಕೆ ನನ್ನ ಅಂಗಡಿಯ ಬೇರೊಂದು ಹಗುರವಾದದ್ದು, ಹಿಂದಕ್ಕೆ ಎರಡು ಮಳೆಗಾಲ ಹಗೇವಿನಲ್ಲಿದ್ದ ಒಂದು ಟಾಯರು, ಅದರೊಳಗೆ ಗಿರಣಿಯ ಪಟ್ಟಾ. "ಈ ಹಿಂದಿಂದು ನನ್ನ ಕೈಬಿಡೂದಿಲ್ಲ" ಎಂದು ಅದನ್ನು ತಟ್ಟಿದರು. ನಾನೂ ಬರುತ್ತೇನೆ ಎಂದೆ. ತಂಗಿಯ ಕೂಸಿನ ಮುಖ ಕಣ್ಣ ಮುಂದಿತ್ತು. ಅಂಗಡಿಯಲ್ಲಿ ಕೂತರೆ ಜೀವ ತಡೆಯುತ್ತಿರಲಿಲ್ಲ.

ಆ ಮಂಗಳವಾರವೇ ಗದಗಿನ ಬಸ್ಸು ತಡ ಮಾಡಬೇಕೇ! ಬರ್ಫು ಇಳಿಸಿಕೊಂಡಾಗಲೇ ಅದರ ಮೂಲೆಗಳು ಕರಗಿ ದುಂಡಗಾಗಿದ್ದವು. ಸಾಹೇಬರು ನನ್ನ ಅಂಗಡಿಯ ಕಟ್ಟೆಯಿಂದ ಸೈಕಲ್ ಏರಿ, "ಇನ್ನ ಇಳಿಯೂದು ಅಲ್ಲೇ" ಎಂದು ಹೊರಟರು. ಅವರ ಹಿಂದೆ ನಾನು, ಹೊಚ್ಚ ಹೊಸ ವಿಲಾಯತಿ ಟಾಯರು ಹಾಕಿದ ನನ್ನ ಸೈಕಲ್ಲಿನ ಮೇಲೆ. ಎರೆನೆಲ ಬಿಸಿಲಿಗೆ ಬಿರುಕು ಬಿಟ್ಟಿತ್ತು. ಮುಶಿಗೇರಿ ದಾಟಿ ಹತ್ತಿಯ ಹೊಲಗಳ ನಡುವಿನ ಚಕ್ಕಡಿ ಹಾದಿಗೆ ಇಳಿದೆವೋ ಇಲ್ಲವೋ, ನನ್ನ ಹಿಂದಿನ ಗಾಲಿ ಕೂತಿತು. "ಸಾಹೇಬ್ರ!" ಎಂದು ಕೂಗಿದೆ. ಅವರು ತಿರುಗಿ ಕೂಡ ನೋಡಲಿಲ್ಲ. ನೋಡಿದರೆ ಬೀಳುತ್ತಿದ್ದರು. ಕುರಿಯವನೊಬ್ಬನ ಕೈಗೆ ಸೈಕಲ್ ಒಪ್ಪಿಸಿ, ರೋಣದ ದೊಡ್ಡ ಸೈಕಲ್ ಅಂಗಡಿಯ ಮಾಲಕನಾದ ನಾನು ಧೋತರದ ಕಚ್ಚೆ ಬಿಗಿದು ಅವರ ಹಿಂದೆ ಓಡತೊಡಗಿದೆ. ಹೇರಿನ ಭಾರಕ್ಕೆ ಅವರ ವೇಗ ಚಕ್ಕಡಿಗಿಂತ ತುಸು ಹೆಚ್ಚು. ಹಾಗಾಗಿ ಉಸಿರು ಹೋದರೂ ಕಣ್ಣಳತೆ ಬಿಡಲಿಲ್ಲ.

ಹಳ್ಳದ ದಂಡೆಯ ಬೇವಿನ ಮರಗಳ ಕೆಳಗೆ ಊರೆಲ್ಲ ಬೀಡು ಬಿಟ್ಟಿತ್ತು. ಸುತ್ತಲೂ ಜಾಲಿಯ ಟೊಂಗೆಗಳ ಬೇಲಿ, ಹಾದಿಗೆ ಅಡ್ಡವಾಗಿ ಗಂಡಾಳು ನೆಗೆದರೂ ದಾಟದಷ್ಟು ಅಗಲ. ಇವರನ್ನು ಕಂಡ ಕೂಡಲೇ ಒಳಗಿನಿಂದ ಗದ್ದಲ ಎದ್ದಿತು. "ಅಲ್ಲೇ ನಿಂದರ್ರಿ! ಒಳಗ ಬರಬ್ಯಾಡ್ರಿ! ತಾಯಿ ಆಣಿ ಐತಿ!"

ಅವರು ನಿಲ್ಲಲಿಲ್ಲ. ಧೈರ್ಯವೋ, ನಿಲ್ಲಲು ಕಟ್ಟೆ ಇರಲಿಲ್ಲವೋ, ಎರಡೂ ಇರಬೇಕು. ತಲೆ ತಗ್ಗಿಸಿ, ಕ್ಯಾರಿಯರಿನ ಪೆಟ್ಟಿಗೆ ಅಲ್ಲಾಡದ ಹಾಗೆ, ನೆಟ್ಟಗೆ ಮುಳ್ಳಿನ ಮೇಲೆ ಹತ್ತಿಸಿದರು. ಚಟಚಟನೆ ಟೊಂಗೆ ಮುರಿದವು. ಹ್ಯಾಂಡಲು ಒಮ್ಮೆ ಹೊರಳಿತು, ಎಲ್ಲರೂ ಹಾ ಎಂದರು, ಹ್ಯಾಂಡಲು ನೆಟ್ಟಗಾಯಿತು. ಒಳಗೆ ಹೋದವರು ನಿಲ್ಲಿಸಿದ್ದ ಒಂದು ಚಕ್ಕಡಿಯ ಅಂಚಿಗೆ ಕೈ ಹಚ್ಚಿ ನಿಂತರು. ಅವರ ಗಾಲಿ ಮುರಿದು ಮಾಡಿದ ಜಾಡಿನಲ್ಲಿ ಕಾಲಿಟ್ಟು, ಚುಚ್ಚಿಸಿಕೊಳ್ಳುತ್ತ, ನಾನೂ ಒಳಗೆ ಹೋದೆ.

ಗಂಡಸರು ಬಡಿಗೆ ಹಿಡಿದು ಸುತ್ತುಗಟ್ಟಿದರು. ಹೆಂಗಸರು ಕೂಸುಗಳನ್ನು ಸೆರಗಿನೊಳಗೆ ಎಳೆದುಕೊಂಡರು. ಆಗ ಸೊಸೆಯ ಕೈ ಹಿಡಿದು ಪೂಜಾರಿ ಆಯಿ ಬಂದಳು. ತೀರ ಮುದುಕಿ. ಮುಖದ ತುಂಬ ಸಿಡುಬಿನ ಕುಳಿಗಳು, ಎರಡೂ ಕಣ್ಣು ಬೆಳ್ಳಗೆ ಹೋಗಿದ್ದವು. ಸೈಕಲ್ಲಿನ ಹತ್ತಿರ ಬಂದು ನಿಂತಳು. ಎಲ್ಲರೂ ಸುಮ್ಮನಾದರು.

ಆ ಮೌನದಲ್ಲಿ ನನಗೆ ಕೇಳಿಸಿತು. ಸಣ್ಣಗೆ, ಸುಯ್ ಎಂದು. ಬೇರೆ ಯಾರ ಕಿವಿಗೂ ಅದು ಗಾಳಿಯ ಸಪ್ಪಳ. ನನಗೆ ಅದು ಅನ್ನದ ಸಪ್ಪಳ, ದಿನವೂ ಕೇಳುವುದು. ಹಿಂದಿನ ಗಾಲಿ. ಎರಡು ಮಳೆಗಾಲ ಕತ್ತಲಲ್ಲಿ ಮಲಗಿದ ಆ ಟಾಯರು.

"ಗಾಲಿ ಒಡದೈತೇನು ನೋಡ್ರಿ" ಎಂದಳು ಆಯಿ.

ಒಬ್ಬ ರೈತ ಮುಂದೆ ಬಂದು ಮುಂದಿನ ಗಾಲಿಯನ್ನು ಒತ್ತಿದ. ನಾನು ಅಷ್ಟರಲ್ಲಿ ಹಿಂದಿನ ಗಾಲಿಯ ಮಗ್ಗುಲಿಗೆ ಕುಕ್ಕರಗಾಲಿನಲ್ಲಿ ಕೂತು, ಸೈಕಲ್ ಬೀಳದಂತೆ ಹಿಡಿದವನ ಹಾಗೆ ಮಾಡಿ, ಮುಳ್ಳು ನೆಟ್ಟ ಜಾಗವನ್ನು ತಡಕಿ ಹೆಬ್ಬೆರಳಿಂದ ಒತ್ತಿ ಹಿಡಿದೆ. "ಕಲ್ಲಾಗೇತಿ ಆಯಿ. ಮುಳ್ಳು ಏನೂ ಮಾಡಿಲ್ಲ" ಎಂದ ಆ ರೈತ.

"ಹಂಗಾರ ತಾಯಿ ದಾರಿ ಬಿಟ್ಟಾಳ," ಎಂದಳು ಆಯಿ ದೊಡ್ಡ ದನಿಯಲ್ಲಿ. "ಅಕಿ ಬ್ಯಾಡಂದಿದ್ರ ಮುಳ್ಳು ತಡೀತಿತ್ತು. ಕೂಸುಗಳನ್ನ ತರ್ರಿ. ಮದಲ ನನ್ನ ಮೊಮ್ಮಗನ್ನ ತರ್ರಿ."

ಸಾಹೇಬರು ನನ್ನ ಕಡೆ ನೋಡಿದರು. ಅವರಿಗೂ ಕೇಳಿಸಿತ್ತು. ಅವರ ಬಾಯಿ ತೆರೆಯಿತು. ಟಾಯರಿನ ವಿಷಯದಲ್ಲಿ ಸುಳ್ಳು ಆಡದ ಮನುಷ್ಯ, ಎಲ್ಲಿ ಹಗೇವಿನ ಕಥೆ ತೆಗೆಯುತ್ತಾರೋ, ಎಲ್ಲಿ ಗಾಳಿ ಹೋಗಿದೆ ಎಂದು ಹೇಳಿಬಿಡುತ್ತಾರೋ! ಹೇಳಿದರೆ ಮುಗಿಯಿತು, ತಾಯಿ ಬೇಡವೆಂದಳು ಎಂದು ಆ ಕೂಸುಗಳೆಲ್ಲ ಮತ್ತೆ ಸೆರಗಿನೊಳಗೆ. ಅವರು ಬಾಯಿ ಮುಚ್ಚಿದರು. ಪೆಟ್ಟಿಗೆ ತೆರೆದು, "ಬರ್ಫ ಇನ್ನೂ ಐತಿ. ಲಗೂ ಬರ್ರಿ" ಎಂದಷ್ಟೇ ಹೇಳಿದರು. ದನಿ ಅವರದಾಗಿರಲಿಲ್ಲ.

ಆಮೇಲೆ ಆ ಬೇವಿನ ನೆರಳಿನಲ್ಲಿ ನಾನು ಕಂಡದ್ದನ್ನು ಮತ್ತೆಲ್ಲೂ ಕಂಡಿಲ್ಲ. ಅಷ್ಟು ದೂರ ತುಳಿದು ಬಂದವರು ಒಂದು ಗುಟುಕು ನೀರು ಕುಡಿಯಲಿಲ್ಲ. ತೋಳು ಒರೆಸುವುದು, ಒಂದು ಹನಿ ಹಾಕುವುದು, ಸೂಜಿ ತಿರುಗಿಸುವುದು, ಅಳುವ ಕೂಸಿಗೆ "ಆತೋ ಆತೋ, ನನ್ನ ರಾಜಾ" ಎನ್ನುವುದು, ಸೂಜಿಯನ್ನು ದೀಪಕ್ಕೆ ಹಿಡಿಯುವುದು, ಮುಂದಿನ ತೋಳು. ನನ್ನ ತಂಗಿ ಬಂದಳು. ಕೂಸಿನ ತೋಳು ಹಿಡಿದು ಆಕೆ ಮುಖ ತಿರುಗಿಸಿದಳು, ನಾನು ಹೆಬ್ಬೆರಳು ಒತ್ತಿ ಹಿಡಿದೇ ನೋಡಿದೆ. ಆ ಬೇಸಿಗೆ ತಾಯಿ ಆ ಊರಿನೊಳಗೆ ಕಾಲಿಡಲಿಲ್ಲ. ಆ ಕೂಸಿಗೆ ಈಗ ಮೊಮ್ಮಕ್ಕಳಾಗಿದ್ದಾರೆ.

ನನ್ನ ಹೆಬ್ಬೆರಳಿಗೆ ಜೋಮು ಹಿಡಿಯಿತು. ಎಷ್ಟು ಒತ್ತಿದರೂ ಗಾಳಿ ಸಣ್ಣಗೆ ನುಸುಳುತ್ತಿತ್ತು, ಗಾಲಿ ಕೂಡುತ್ತ ಬಂತು. ಬೆರಳು ಬದಲಿಸುವಾಗ ಪರೋಪಕಾರಿ ಮುದುಕನೊಬ್ಬ ಬಗ್ಗಿ ನೋಡಿ, "ಇಲ್ಲೊಂದು ಮುಳ್ಳು ಐತಲ್ಲೋ, ಕೀಳ್ಲೇನು?" ಎಂದು ಕೈ ಹಾಕಿದ. ಕಿತ್ತರೆ ಒಮ್ಮೆಲೇ ಬುಸ್ಸೆನ್ನುವುದು ಖಾತ್ರಿ. "ಮುಟ್ಟಬ್ಯಾಡೋ ಯಜ್ಜಾ! ಅದು ಹರಕೀ ಮುಳ್ಳು!" ಎಂದುಬಿಟ್ಟೆ. ಹರಕೆಯ ಮುಳ್ಳು ಎಂದರೆ ಏನೆಂದು ನನಗೂ ಗೊತ್ತಿರಲಿಲ್ಲ. ಅಜ್ಜ ಮಾತ್ರ ಕೈ ಹಿಂದೆ ತೆಗೆದು ಗಾಲಿಗೆ ನಮಸ್ಕಾರ ಮಾಡಿ ಹೋದ.

ಕೊನೆಯ ಕೂಸಿನ ತೋಳು ಒರೆಸುವಾಗ ಪೆಟ್ಟಿಗೆಯಲ್ಲಿ ನಿಂಬೆಹಣ್ಣಿನಷ್ಟು ಬರ್ಫು ಉಳಿದಿತ್ತು. ನಾನು ಬೆರಳು ತೆಗೆದೆ. ಸೈಕಲ್ಲು ರಿಮ್ಮಿನ ಮೇಲೆ ಕೂತಿತು.

ಇಳಿಹೊತ್ತಿನಲ್ಲಿ ಆಯಿ ಮುಳ್ಳು ಎತ್ತಿದಳು. ಊರು ಮನೆಗಳ ಕಡೆ ನಡೆಯಿತು. ಚಕ್ಕಡಿಗಳು ಹೋದವು, ದನಗಳು ಹೋದವು. ಆಯಿ, ಆಕೆಯ ಸೊಸೆ, ನಾವಿಬ್ಬರು ಉಳಿದೆವು. ಸಾಹೇಬರು ಮೋರೆ ಸಣ್ಣದು ಮಾಡಿಕೊಂಡು ಆಯಿಯ ಎದುರು ಹೋಗಿ ನಿಂತರು. ನಾನು ಅಂಗಿಯ ತೋಳು ಹಿಡಿದು ಜಗ್ಗಿದೆ, ಬಿಡಿಸಿಕೊಂಡರು.

"ಆಯಿ, ನಾ ಒಂದು ಮಾತು ಹೇಳಬೇಕು. ತಾಯಿ ಮುಂದ ಸುಳ್ಳು ನಿಂತೀನಿ. ಹಿಂದಿನ ಗಾಲಿ..."

"ಗೊತ್ತೈತಿ," ಎಂದಳು ಆಯಿ. "ನೀ ಬಂದು ನಿಂತ ಕೂಡ್ಲೆ ಸುಯ್ ಅಂದದ್ದು ಕೇಳ್ಸೇತಿ. ಕಣ್ಣ ಹೋಗ್ಯಾವಪಾ, ಕಿವಿ ಹೋಗಿಲ್ಲ."

ನಾನು ಕೇಳಿದೆ: "ಮತ್ತ ತಾಯಿ ದಾರಿ ಬಿಟ್ಟಾಳ ಅಂದ್ಯಲ್ಲ ಆಯಿ?"

"ನನ್ನ ಕಣ್ಣ ಅಕಿ ತಗೊಂಡಾಗ ನಾ ಈ ಕೂಸುಗಳಷ್ಟೇ ಇದ್ದೆ. ನಮ್ಮವ್ವ ಉರುಳುಸೇವಾ ಮಾಡಿದ್ಲು, ಬೇವಿನುಡುಗಿ ಉಟ್ಟಳು, ಏನು ಮಾಡಿದ್ರೂ ತಿರುಗಿ ಕೊಡಲಿಲ್ಲ. ಇಷ್ಟು ವರ್ಷ ಅಕೀದೇ ಪೂಜಿ ಮಾಡ್ಕೋತ ಬಂದೀನಿ." ಆಯಿ ಸೊಸೆಯ ಹೆಗಲ ಮೇಲಿದ್ದ ಮೊಮ್ಮಗನ ಮುಖವನ್ನು ತಡವಿ, ಅದರ ಎರಡೂ ರೆಪ್ಪೆಗಳನ್ನು ಬೆರಳಿನಿಂದ ಮುಟ್ಟಿದಳು. "ಇವತ್ತ ಅಕಿ ದಾರಿ ಬಿಟ್ಟಳೋ ಇಲ್ಲೋ, ನನಗ ಗೊತ್ತಿಲ್ಲ. ನಾ ಬಿಟ್ಟೆ."

ಸಾಹೇಬರು ಚಪ್ಪಲಿ ಕಳಚಿ ಬಗ್ಗಿ ಆಕೆಯ ಪಾದ ಮುಟ್ಟಿದರು. ಬಗ್ಗಿದವರು ಬಹಳ ಹೊತ್ತು ಏಳಲಿಲ್ಲ.